ನೀರು ಬೇಡದ ಗೋಡೆ

ಫೆಬ್ರವರಿ 6

ಮಗಳೇ,

ಕಾಗದ ನೋಡಿ ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ, ನನ್ನ ತಂಗಿಯೂ ಚೆನ್ನಾಗಿದ್ದಾಳೆ, ಹೊಲಿಗೆ ಯಂತ್ರಕ್ಕೆ ಮಾತ್ರ ಕೆಮ್ಮು. ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ನೀನು ಕೇಳಬಹುದು. ನನ್ನ ಮಗನ ಜ್ವರದ ಸುದ್ದಿ ಫೋನಿನಲ್ಲಿ ಬಂತಲ್ಲ, ಅವತ್ತಿನಿಂದ ಅದು ಬಡಿದುಕೊಂಡರೆ ಹಿತ್ತಿಲಿಗೆ ಎದ್ದುಹೋಗುತ್ತೇನೆ. ತೆಗೆದುಕೊಂಡು ಹೋಗಿ ಅಕ್ಕಿ ಡಬ್ಬದೊಳಗೆ ಹಾಕಿಟ್ಟಿದ್ದೇನೆ. "ಅಕ್ಕಾ, ಒಂದಿನ ಅನ್ನದ ಜೊತೆ ಅದೂ ಬೆಂದು ಬರುತ್ತೆ ನೋಡ್ಕೋ" ಎನ್ನುತ್ತಾಳೆ ತಂಗಿ. ಬೇಯಲಿ ಬಿಡು.

ಹೋದ ಸಲ ಬಂದಾಗ ಅವನು ಇದೇ ಯಂತ್ರದ ಪಕ್ಕ ಕೂತು ನಿಮ್ಮ ಹೊಸ ಕೆಲಸದ ಬಗ್ಗೆ ಬಾಯಿತುಂಬ ಹೇಳಿದ್ದ. "ಅಮ್ಮಾ, ಈ ಸಲ ಒಂದು ಇಡೀ ಗೋಡೆಗೆ ಕಾಡು ಹೊದಿಸ್ತಿದ್ದೀನಿ." "ಗೋಡೆಗೆ ಚಳಿಯಾಗುತ್ತೇನೋ?" ಅಂದೆ. ನಕ್ಕೂ ನಕ್ಕೂ ಕಾಫಿ ಚೆಲ್ಲಿಕೊಂಡ. ಅರ್ಧ ಗೋಡೆಗೆ ಪಾಚಿ ಕೂರಿಸಿಯಾಗಿದೆ, ಇನ್ನರ್ಧ ಬಾಕಿ ಅಂದಿದ್ದ.

ಆ ಗೋಡೆ ಹೇಗಿದೆ? ಇಲ್ಲಿ ಅವನ ಅಂಗಿ ಇದೆ, ಚಪ್ಪಲಿ ಇದೆ, ಬಾಚಣಿಗೆ ಇದೆ. ಯಾವುದೂ ಉಸಿರಾಡುವುದಿಲ್ಲ. ಅವನ ಕೈಯಿಂದ ಆದದ್ದರಲ್ಲಿ ಇನ್ನೂ ಉಸಿರಾಡುತ್ತಿರುವುದು ಆ ಗೋಡೆ ಒಂದೇ. ಅದನ್ನು ಸಾಯಲು ಬಿಡಬೇಡ. ನಿನ್ನಿಂದ ನನಗೆ ಬೇರೇನೂ ಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅತ್ತೆ

*

ಫೆಬ್ರವರಿ 19

ಅತ್ತೆಗೆ ನಮಸ್ಕಾರಗಳು.

ನಿಮ್ಮ ಪತ್ರ ಕೆಲಸದ ಜಾಗಕ್ಕೇ ಬಂತು. ಮೆಟ್ಟಿಲ ಮೇಲೆ ಕೂತು ಓದಿದೆ.

ಕೆಲಸ ನಿಂತಿಲ್ಲ. ಇವರು ನಿಮಗೆ ಎಷ್ಟು ಹೇಳಿದ್ದರೋ ತಿಳಿಯದು, ನಾನೂ ಸ್ವಲ್ಪ ಹೇಳುತ್ತೇನೆ. ಇದು ಒಂದೇ ಕಂಪನಿಯ ಕಚೇರಿಯಲ್ಲ. ಸ್ವಂತ ಕಚೇರಿ ಇಲ್ಲದವರು ಬಂದು, ಒಂದು ಮೇಜನ್ನೋ ಒಂದು ಕೋಣೆಯನ್ನೋ ಬಾಡಿಗೆಗೆ ಹಿಡಿದು ಕೂರುವ ಜಾಗ. ಬರೆಯುವವರು, ಲೆಕ್ಕ ನೋಡುವವರು, ನನ್ನ ಹಾಗೆ ನಕ್ಷೆ ತೆಗೆಯುವವರು ಎಲ್ಲ ಒಂದೇ ಸೂರಿನಡಿ. ನೆಲಕ್ಕೆ ಬೆಂಡಿನ ಹಲಗೆ ಹಾಕಿದ್ದೇವೆ, ಗೋಡೆಗಳಿಗೆ ಬಣ್ಣವಿಲ್ಲ, ಮಣ್ಣಿನ ಗಿಲಾವು. ಕೆಡವಿದ ಕಟ್ಟಡವೊಂದರ ತೊಲೆಗಳನ್ನು ತಂದು ಮೇಜು ಮಾಡಿಸಿದೆವು. ಕಿಟಕಿಗಳನ್ನು ದೊಡ್ಡದು ಮಾಡಿ ಹಗಲಿನಲ್ಲಿ ದೀಪವೇ ಬೇಡದಂತೆ ಮಾಡಿದೆವು. ಮೀಟಿಂಗ್ ರೂಮಿನ ಬೆನ್ನಿಗೆ, ಎಲ್ಲರೂ ಒಳಗೆ ಬರುವ ಕಡೆ ಮುಖ ಮಾಡಿ, ಇವರ ಗೋಡೆ.

ಇಲ್ಲಿ ಕೆಲಸದವರೆಲ್ಲ ಇವರನ್ನು "ಪಾಚಿ ಸಾರ್" ಎಂದು ಕರೆಯುತ್ತಿದ್ದರು. ಈಗಲೂ ಬಾಯಿತಪ್ಪಿ "ಪಾಚಿ ಸಾರನ್ನ ಕೇಳಿ ಹೇಳ್ತೀವಿ ಮೇಡಂ" ಎಂದುಬಿಡುತ್ತಾರೆ. ಆಮೇಲೆ ನೆಲ ನೋಡುತ್ತಾರೆ.

ಗೋಡೆಯನ್ನು ನಾನೇ ಮುಗಿಸುತ್ತೇನೆ ಅತ್ತೆ. ಅದರ ಚಿಂತೆ ಬೇಡ.

ನಿಮ್ಮ ಸೊಸೆ

*

ಮಾರ್ಚ್ 4

ಮಗಳೇ,

ನಿನ್ನ ಕಾಗದವನ್ನು ತಂಗಿಗೆ ಓದಿ ಹೇಳಿದೆ. ಒಂದೇ ಸೂರಿನಡಿ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಕೂತು ತಮ್ಮ ತಮ್ಮ ಕೆಲಸ ಮಾಡಿಕೊಂಡು ಎದ್ದುಹೋಗುತ್ತಾರೆ ಎನ್ನುವ ಕಡೆ ಅವಳು ತಡೆದು, "ಇದಕ್ಕೆ ಬಾಡಿಗೆ ಬೇರೆ ಕೊಡ್ತಾರಾ? ನಮ್ಮನೇಲಿ ಪುಕ್ಕಟೆ ಹೀಗೇ ಇದ್ದೀವಲ್ಲ" ಅಂದಳು.

ಪಾಚಿ ಸಾರಂತೆ! ಸರಿಯಾದ ಹೆಸರೇ ಇಟ್ಟಿದ್ದಾರೆ. ಒಂದು ಕಥೆ ಹೇಳುತ್ತೇನೆ ಕೇಳು. ನಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು. ಅದರ ಮೇಲೆ ಪಾಚಿ ಕಟ್ಟಿ, ಒಂದಿನ ನಾನು ಬಕೆಟ್ಟಿನ ಸಮೇತ ಜಾರಿ ಬಿದ್ದೆ. ಸೊಂಟ ಹಿಡಿದುಕೊಂಡೇ ಬ್ರಷ್ಷು ತಂದು ಗಸಗಸ ಉಜ್ಜಿದೆ. ಇವನು ಸ್ಕೂಲಿನಿಂದ ಬಂದವನು ನೋಡಿ ಅಲ್ಲೇ ಕೂತು ಅಳತೊಡಗಿದ. ನನ್ನ ಸೊಂಟಕ್ಕೆ ಅಂದುಕೊಂಡು ನನಗೂ ಕಣ್ಣು ತುಂಬಿತು. "ಅಳಬೇಡ ಕಂದ, ಜಾಸ್ತಿ ಪೆಟ್ಟಾಗಿಲ್ಲ" ಅಂದೆ. "ನಿಂಗಲ್ಲ! ಅದಕ್ಕೆ!" ಅಂದ. ಆಮೇಲೆ ಕಲ್ಲಿನ ಒಂದು ಮೂಲೆಯನ್ನು ಅವನಿಗೆಂದೇ ಉಜ್ಜದೆ ಬಿಟ್ಟೆ. ಮನೆಗೆ ಬಂದವರೆಲ್ಲ ನನ್ನನ್ನು ಸೋಮಾರಿ ಅಂದರು. ಅನ್ನಿಸಿಕೊಂಡೆ. ಮುಂದೆ ಚರಂಡಿ ಅಗೆಯುವಾಗ ಆ ಕಲ್ಲು ಹೋಯಿತು.

ಈಗ ಹೇಳು, ಗೋಡೆ ಬೆಳೆಯುತ್ತಿದೆಯಾ? ಉಳಿದರ್ಧ ಹಸಿರಾಯಿತಾ? ನೀರು ಯಾರು ಹಾಕುತ್ತಾರೆ? ಗೋಡೆಗೆ ನೀರು ಹಾಕುವುದು ಹೇಗೆ? ಒಂದೊಂದನ್ನೂ ಬರೆ. ನೀನು ನಿಮ್ಮ ಮೇಜಿನ ವಿಷಯ ಉದ್ದಕ್ಕೆ ಬರೆದು ಗೋಡೆಗೆ ಎರಡೇ ಸಾಲು ಬರೆದಿದ್ದೀಯ.

ಅತ್ತೆ

*

ಏಪ್ರಿಲ್ 2

ಅತ್ತೆಗೆ ನಮಸ್ಕಾರಗಳು.

ಉತ್ತರ ತಡವಾಯಿತು, ಕೆಲಸ ಹೆಚ್ಚಿತ್ತು. ಗೋಡೆಯ ಫೋಟೋ ಹಾಕಿಸಿ ಇದರೊಳಗಿಟ್ಟಿದ್ದೇನೆ. ಮೇಲಿನಿಂದ ಕೆಳಗಿನವರೆಗೆ ಹಸಿರಾಗಿದೆ, ನೋಡಿ. ಈಗ ಅದಕ್ಕೆ ನೀರೇ ಬೇಡ. ಬಿಸಿಲೂ ಬೇಡ. ಹೀಗೇ ಹಸಿರಾಗಿರುತ್ತದೆ. ಒಳಗೆ ಬಂದವರು ಒಂದು ಕ್ಷಣ ನಿಂತು ನೋಡಿಯೇ ಮುಂದೆ ಹೋಗುತ್ತಾರೆ.

ಯಂತ್ರದ ಕೆಮ್ಮು ಹೇಗಿದೆ? ಎಣ್ಣೆ ಬಿಡಿಸಿದಿರಾ? ಚಿಕ್ಕತ್ತೆಯನ್ನು ಕೇಳಿದೆ ಎಂದು ಹೇಳಿ.

ನಿಮ್ಮ ಸೊಸೆ

*

ಏಪ್ರಿಲ್ 12

ನನ್ನ ಬಂಗಾರಾ,

ಫೋಟೋ ಯಂತ್ರದ ಎದುರಿಗೆ ಅಂಟಿಸಿದ್ದೇನೆ. ಅದನ್ನೇ ನೋಡುತ್ತ ಹೊಲಿದು ಒಬ್ಬರ ರವಿಕೆಗೆ ಎಡಗೈ ಎರಡು ಕೂರಿಸಿದೆ. ಅವಳು ಬೈಯಲು ಬಂದವಳು ಫೋಟೋ ನೋಡಿ, "ಇದನ್ನ ನಿಮ್ಮ ಮಗ ಮಾಡಿದ್ದಾ?" ಅಂತ ಕೇಳಿ ರವಿಕೆಯನ್ನು ಯಂತ್ರದ ಮೇಲಿಟ್ಟು ಹೋದಳು.

ನೀರೇ ಬೇಡವಂತೆ! ಬೀದಿಗೆಲ್ಲ ಹೇಳಿಬಂದೆ. ಎದುರುಮನೆ ಮೇಷ್ಟ್ರು ಗೊತ್ತಲ್ಲ, ರಿಟೈರಾಗಿ ಇಷ್ಟು ವರ್ಷವಾದರೂ ಪಾಠ ನಿಲ್ಲಿಸಿಲ್ಲ. "ನೀರಿಲ್ಲದೆ ಯಾವ ಗಿಡವೂ ಬದುಕಲ್ಲಮ್ಮ" ಅಂದರು. "ನಿಮ್ಮ ತಲೆಗೆ ದಿನಾ ನೀರು ಹಾಕಿದ್ರೂ ಒಂದು ಕೂದಲು ಬರ್ತಿಲ್ಲ ಮೇಷ್ಟ್ರೇ. ನನ್ನ ಮಗನ ಗೋಡೆ ನೀರು ಹಾಕದೇನೇ ಬೆಳೀತಿದೆ. ಯಾರು ಬುದ್ಧಿವಂತರು?" ಅಂದೆ. ಅವರ ಹೆಂಡತಿ ಒಳಗಿನಿಂದ ನಕ್ಕಿದ್ದು ಬೀದಿಗೆ ಕೇಳಿಸಿತು.

ಮಗಳೇ, ಒಂದು ಆಸೆ. ಆ ಗೋಡೆಯಿಂದ ಒಂದು ಚಿಟಿಕೆ ಪಾಚಿ ಕಿತ್ತು ಕಳಿಸು. ಗೋಡೆಗೆ ನೋವಾಗದ ಹಾಗೆ, ಮೂಲೆಯಿಂದ. ಇಲ್ಲಿ ಬೆಳೆಸುತ್ತೇನೆ. ನನ್ನ ಕಣ್ಣೆದುರಿಗೆ ಅವನದೊಂದು ಉಸಿರು ಇರಲಿ.

ಅತ್ತೆ

*

ಮೇ 20

ಅತ್ತೆಗೆ ನಮಸ್ಕಾರಗಳು.

ನಿಮ್ಮ ಮೂರು ಪತ್ರಗಳೂ ಬಂದಿವೆ. ಅಷ್ಟು ದೂರ ಅಂಚೆಯಲ್ಲಿ ಬಂದರೆ ಹಾಳಾದೀತು, ನಾನೇ ಬರುವಾಗ ತರೋಣ ಎಂದುಕೊಂಡಿದ್ದೆ. ಬರಲು ಆಗಲಿಲ್ಲ. "ನನ್ನ ಮಗನದ್ದು ಒಂದು ಚಿಟಿಕೆ ಕೊಡಲು ಇಷ್ಟು ಯೋಚನೆಯಾ" ಎಂದು ಬರೆದಿದ್ದೀರಿ. ಹಾಗಲ್ಲ ಅತ್ತೆ.

ಡಬ್ಬಿಯಲ್ಲಿ ಇಟ್ಟು ಕಳಿಸಿದ್ದೇನೆ. ದಯವಿಟ್ಟು ನೀರು ಹಾಕಬೇಡಿ. ಮಣ್ಣಿನಲ್ಲಿ ನೆಡಬೇಡಿ. ಹೇಗಿದೆಯೋ ಹಾಗೇ ಒಂದು ತಟ್ಟೆಯಲ್ಲಿಟ್ಟು ನೋಡಿ, ಸಾಕು.

ನಿಮ್ಮ ಸೊಸೆ

*

ಜೂನ್ 15

ಮಗಳೇ,

ಹೇಗೆ ಬರೆಯಲಿ? ಸತ್ತುಹೋಯಿತು. ನನ್ನ ಕೈಯಲ್ಲೇ.

ನೀನು ಬೇಡ ಅಂದಿದ್ದೆ. ಮೊದಮೊದಲು ಹಾಕಲಿಲ್ಲ. ಮುಂಜಾನೆ ಎದ್ದು ನೋಡುವುದು, ಮುಟ್ಟುವುದು, ಸುಮ್ಮನಿರುವುದು. ಆಮೇಲೆ ಮಳೆ ಬಾರದೆ ಸೆಕೆ ಏರಿತು. ನಾನು ಗಂಟೆಗೊಂದು ಸಲ ನೀರು ಕುಡಿಯುತ್ತೇನೆ, ಅದು ಒಣಗಿ ಕೂತು ನನ್ನನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. ಯಾವ ತಾಯಿಯ ಕೈ ತಡೆಯುತ್ತದೆ ಹೇಳು. ಒಂದು ಚಮಚ ಹಾಕಿದೆ. ಮಾರನೆಯ ದಿನ ಇನ್ನೊಂದು. ತಟ್ಟೆಯ ನೀರು ಹಸಿರಾಯಿತು. "ಅಕ್ಕಾ, ಬಣ್ಣ ಬಿಡ್ತಿದೆ ಕಣೇ" ಅಂದಳು ತಂಗಿ. "ಬಣ್ಣ ಅಲ್ಲ, ಜೀವ ಹೋಗ್ತಿದೆ" ಅಂತ ನಾನು ಚೀರಿದೆ. ಬಸಿದೆ, ಗಾಳಿಗಿಟ್ಟೆ. ಅಂಟಂಟಾಗಿ, ಕಂದಾಗಿ, ವಾಸನೆ ಬಂತು. ತಂಗಿ ಎಸೆಯಲು ಕೈ ಚಾಚಿದಳು, ಕೈ ಮೇಲೆ ಹೊಡೆದೆ. ನಮ್ಮ ವಯಸ್ಸಿಗೆ, ಇಬ್ಬರು ಮುದುಕಿಯರು.

ಅವನ ಜ್ವರದ ಹೊತ್ತಲ್ಲಿ ನಾನು ಪಕ್ಕದಲ್ಲಿರಲಿಲ್ಲ. ಇದ್ದಿದ್ದರೆ ಉಳಿಸಿಕೊಳ್ಳುತ್ತಿದ್ದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈಗ ಹೇಳಿಕೊಳ್ಳುವ ಹಾಗಿಲ್ಲ. ಪಕ್ಕದಲ್ಲೇ ಇದ್ದೆ, ನಾನೇ ಕೊಂದೆ.

ಯಂತ್ರಕ್ಕೆ ಬಟ್ಟೆ ಹೊದಿಸಿದ್ದೇನೆ.

ಅತ್ತೆ

*

ಜೂನ್ 21

ಅತ್ತೆ,

ಮೊದಲು ಇಷ್ಟು ಓದಿ: ನಿಮ್ಮ ಕೈಯಲ್ಲಿ ಏನೂ ಸತ್ತಿಲ್ಲ. ನಾನು ಕಳಿಸಿದ್ದರಲ್ಲಿ ಜೀವ ಇರಲಿಲ್ಲ.

ಇವರು ಹೋದಮೇಲೆ ನಾವೆಲ್ಲ ನಿಮ್ಮ ಮನೆಯಲ್ಲಿದ್ದೆವಲ್ಲ, ಆಗ ಇಲ್ಲಿ ಗೋಡೆಯ ಕೊಳವೆಯೊಂದು ಸೋರಿ ಮೀಟಿಂಗ್ ರೂಮಿನ ಕರೆಂಟಿನ ತಂತಿಗೆ ನೀರು ಇಳಿಯಿತಂತೆ. ಮಾಲೀಕರು ನೀರು ನಿಲ್ಲಿಸಿದರು. ಅವರದೇನೂ ತಪ್ಪಿಲ್ಲ, ಬೆಂಕಿ ಹತ್ತಬಹುದಿತ್ತು. ಆದರೆ ಏಸಿ ಓಡುತ್ತಲೇ ಇತ್ತು. ನಾನು ಹಿಂತಿರುಗಿ ಬಾಗಿಲು ತೆಗೆದಾಗ ಗೋಡೆ ಇಡೀ ಹುರಿದ ಹಾಗೆ ಕಂದಾಗಿತ್ತು. ಮುಟ್ಟಿದರೆ ಪುಡಿ. ಉಳಿಯುವಂಥದ್ದೇನಾದರೂ ಇದೆಯಾ ಎಂದು ಪೂರ್ತಿ ಹುಡುಕಿದೆ. ಇರಲಿಲ್ಲ.

ನಿಮ್ಮ ಮೊದಲ ಪತ್ರ ಬಂದದ್ದು ನಾನು ಅದನ್ನು ಗೋಣಿಚೀಲಕ್ಕೆ ತುಂಬಿದ ವಾರ.

ಗೋಡೆಯ ಹತ್ತಿರ ಇನ್ನು ನೀರು ಬೇಡ ಎಂದರು ಮಾಲೀಕರು. ಅದಕ್ಕೆಂದೇ ಬೇರೆ ಥರದ ಪಾಚಿ ಸಿಗುತ್ತದೆ. ಅದೂ ಕಾಡಿನದೇ, ಆದರೆ ನೀರಿನ ಬದಲು ಗ್ಲಿಸರಿನ್ ಕುಡಿಸಿ, ಬಣ್ಣ ಕಟ್ಟಿ ಮಾರುತ್ತಾರೆ. ಬೆಳೆಯುವುದೂ ಇಲ್ಲ, ಬಾಡುವುದೂ ಇಲ್ಲ. ನೀರು ತಾಗಿದರೆ ಮಾತ್ರ ಬಣ್ಣ ಬಿಟ್ಟು ಕೊಳೆಯುತ್ತದೆ. ಅದನ್ನೇ ತರಿಸಿ ನಾನೇ ಅಂಟಿಸಿದೆ. ನೀವು ಬೀದಿಗೆಲ್ಲ ಹೇಳಿಬಂದದ್ದು ಅದರ ಬಗ್ಗೆ. ನೀವು ಅಷ್ಟು ಸಂತೋಷದಲ್ಲಿದ್ದಾಗ ಸತ್ಯ ಹೇಳಲು ನನ್ನಿಂದ ಆಗಲಿಲ್ಲ.

ನೀವು ನನ್ನಿಂದ ಒಂದೇ ಒಂದು ಕೇಳಿದ್ದಿರಿ. ಕೇಳುವ ಹೊತ್ತಿಗೇ ಅದು ನನ್ನ ಹತ್ತಿರ ಇರಲಿಲ್ಲ.

ಯಂತ್ರದ ಮೇಲಿನ ಬಟ್ಟೆ ತೆಗೆಯಿರಿ ಅತ್ತೆ. ಇದರಲ್ಲಿ ನಿಮ್ಮದೇನೂ ಇಲ್ಲ.

ನಿಮ್ಮ ಸೊಸೆ

*

ಆಗಸ್ಟ್ 3

ಅತ್ತೆಗೆ ನಮಸ್ಕಾರಗಳು.

ಉತ್ತರ ಬರಲಿಲ್ಲ. ಹೆದರುತ್ತಲೇ ಫೋನು ಮಾಡಿದೆ. ಚಿಕ್ಕತ್ತೆ ತೆಗೆದುಕೊಂಡು "ಅಕ್ಕ ಮಲಗಿದಾಳೆ ಕಣಮ್ಮ" ಎಂದರು. ಹಿಂದಿನಿಂದ "ಇಲ್ಲ ಅನ್ನು" ಎಂದ ನಿಮ್ಮ ದನಿ ನನಗೆ ಕೇಳಿಸಿತು.

ಬೈಯಲಿಕ್ಕಾದರೂ ಬರೆಯಿರಿ.

ನಿಮ್ಮ ಸೊಸೆ

*

ಅಕ್ಟೋಬರ್ 9

ಮಗಳೇ,

ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿಗೆ. ಮೈ ಸರಿಯಿರಲಿಲ್ಲ, ಕಣ್ಣು ಕಾಣಲಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ಆ ಕೆಲಸ ನಮ್ಮಿಬ್ಬರಲ್ಲಿ ಒಬ್ಬರು ಮಾಡಿದ್ದು ಸಾಕು.

ಸತ್ತದ್ದಕ್ಕಲ್ಲ ಸಿಟ್ಟು. ಅಂಗಡಿಯಿಂದ ತಂದದ್ದನ್ನು ಅವನದು ಎಂದು ಕಳಿಸಿದೆಯಲ್ಲ, ಅದಕ್ಕೆ ನಾನು ದಿನಾ ಬೆಳಿಗ್ಗೆ "ಎದ್ಯಾ ಮರಿ" ಅಂತಿದ್ದೆನಲ್ಲ, ಅದಕ್ಕೆ. ಕಾಗದದಲ್ಲಿ ಬೈದರೆ ಬಾಯಿಗೆ ರುಚಿ ಹತ್ತುವುದಿಲ್ಲ ಎಂದು ಹೋದ ವಾರ ಬಸ್ಸು ಹತ್ತಿದೆ. ನಿನಗೆ ತಿಳಿಸಲಿಲ್ಲ. ದಾರಿಯುದ್ದಕ್ಕೂ ಏನೇನು ಅನ್ನಬೇಕು ಎಂದು ಬಾಯಿಪಾಠ ಮಾಡಿಕೊಂಡೆ. ಪಕ್ಕದಲ್ಲಿ ಕೂತಿದ್ದವಳು, "ಯಾರ ಜೊತೆ ಮಾತಾಡ್ತಿದ್ದೀರಿ?" ಅಂತ ಕೇಳಿದಳು. "ಸೊಸೆ ಜೊತೆ" ಅಂದೆ. "ಹಾಗಾದ್ರೆ ಮುಂದುವರ್ಸಿ" ಅಂತ ಕಿಟಕಿ ಕಡೆ ತಿರುಗಿದಳು.

ನಿಮ್ಮ ಕಚೇರಿಯ ಬಾಗಿಲಲ್ಲಿ ಒಂದು ಹುಡುಗಿ ಕೂತಿದ್ದಳು. "ಯಾರನ್ನ ನೋಡ್ಬೇಕಮ್ಮ?" ಅಂದಳು. "ಗೋಡೆನ" ಅಂದೆ. ಪಾಪ, ಏನು ತಿಳಿದುಕೊಂಡಳೋ, ಕುರ್ಚಿ ಕೊಟ್ಟು ನೀರು ಕೊಟ್ಟಳು. ಚೆನ್ನಾಗಿ ಮಾಡಿದ್ದೀರಿ ಕಣೇ ಆ ಜಾಗ. ಮಣ್ಣಿನ ತಂಪು, ಬಿಸಿಲು ನೆಲದ ಮೇಲೆ ಬೆಕ್ಕಿನ ಹಾಗೆ ಮಲಗಿತ್ತು. ಅಷ್ಟು ಜನ ಇದ್ದರೂ ಗದ್ದಲವಿಲ್ಲ. ಎದ್ದು ಹೋಗಿ ಗೋಡೆಯ ಮೇಲೆ ಕೈಯಿಟ್ಟೆ. "ಅಜ್ಜೀ, ಮುಟ್ಟಬೇಡಿ, ಅದು ಜೀವ ಇರೋದಲ್ಲ" ಅಂದಳು ಹುಡುಗಿ. "ಗೊತ್ತಮ್ಮ" ಅಂದೆ. ಮೆತ್ತಗಿತ್ತು. ಸತ್ತದ್ದು ಅಷ್ಟು ಮೆತ್ತಗಿರಬಾರದು.

ಅಷ್ಟರಲ್ಲಿ ಪಕ್ಕದ ಗಾಜಿನ ಕೋಣೆಯಲ್ಲಿ ನಿನ್ನನ್ನು ಕಂಡೆ. ಗಾಜಿನ ತುಂಬ ಎಲೆಗಳ ಚಿತ್ರ ಅಂಟಿಸಿದ್ದೀರಲ್ಲ, ಅವುಗಳ ಸಂದಿಯಲ್ಲಿ ತುಂಡು ತುಂಡಾಗಿ ಕಂಡೆ. ಯಾರೋ ಸ್ಕ್ರೂಡ್ರೈವರ್ ಹಿಡಿದು ನಿನ್ನ ಮುಂದೆ ನಿಂತಿದ್ದ. ನೀನು ನಗುತ್ತಿದ್ದೆ. ಬಾಯಿತುಂಬ, ತಲೆ ಹಿಂದಕ್ಕೆ ಹಾಕಿ, ಭುಜ ಕುಣಿಸಿಕೊಂಡು. ಹಾಗೆ ನಕ್ಕಿದ್ದನ್ನು ನಿಮ್ಮ ಮದುವೆಯಾದಂದಿನಿಂದ ನಾನು ನೋಡಿರಲಿಲ್ಲ.

ಬಾಯಿಪಾಠ ಮಾಡಿಕೊಂಡದ್ದೆಲ್ಲ ಮರೆತುಹೋಯಿತು. ಬಾಗಿಲ ಹಿಡಿಕೆಯವರೆಗೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ನಾನು ಒಳಗೆ ಬಂದರೆ ಆ ನಗು ನಿಲ್ಲುತ್ತದೆ ಎಂದು ನನಗೆ ಗೊತ್ತು. ಬಸ್ಸು ಹತ್ತಿ ವಾಪಸ್ ಬಂದೆ. ಸ್ವಲ್ಪ ಹೊಟ್ಟೆ ಉರಿಯಿತು, ಯಾಕೆ ಮುಚ್ಚಿಡಲಿ. ನನಗೆ ಇನ್ನೂ ನಗು ಬಂದಿಲ್ಲ. ನಗಿಸುತ್ತೇನೆ, ಅದು ಬೇರೆ.

ನೀನಿನ್ನೂ ಚಿಕ್ಕವಳು. ನನ್ನ ಕಾಗದ ಬಂದಾಗಲೆಲ್ಲ ನಿನಗೆ ಅವನು ಹೊಸದಾಗಿ ಸಾಯುತ್ತಾನೆ, ಅದಕ್ಕೇ ನೀನು ಸುಳ್ಳು ಹೇಳಬೇಕಾಗುತ್ತದೆ. ಇನ್ನು ನಾನು ಬರೆಯುವುದಿಲ್ಲ. ನೀನೂ ಬರೆಯಬೇಡ. ಸಿಟ್ಟಿಲ್ಲ, ಅದು ಆ ಗಾಜಿನ ಮುಂದೆಯೇ ಇಳಿದುಹೋಯಿತು. ನಗುತ್ತಿರು.

ಅತ್ತೆ

*

ಅಕ್ಟೋಬರ್ 16

ಅತ್ತೆ,

ಬರೆಯಬೇಡ ಎಂದಿದ್ದೀರಿ. ಇದೊಂದು ಬರೆಯುತ್ತೇನೆ.

ಆ ದಿನ ನಾನು ನಗುತ್ತಿರಲಿಲ್ಲ.

ನೀವು ಕಂಡ ಗಾಜಿನ ಕೋಣೆಯೇ ಮೀಟಿಂಗ್ ರೂಮು, ಗೋಡೆಯ ಹಿಂಬದಿ ಅದರೊಳಗೆ ಬರುತ್ತದೆ. ಅಲ್ಲೊಂದು ಸಣ್ಣ ಮರದ ಬಾಗಿಲು, ಅದರ ಹಿಂದೆ ಗೋಡೆಗೆ ನೀರು ಬಿಡುವ ಟೈಮರ್. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಇವರು ಇಟ್ಟಿದ್ದರು. ನೀರು ನಿಲ್ಲಿಸಿದಾಗ ಕೊಳವೆ ಮುಚ್ಚಿದರು, ಇದನ್ನು ಯಾರೂ ಗಮನಿಸಲಿಲ್ಲ. ನಾನು ಗಮನಿಸಿದ್ದೆ. ಹನ್ನೊಂದಕ್ಕೆ 'ಟಕ್' ಎಂದು ಶುರುವಾಗುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ 'ಟಕ್' ಎಂದು ನಿಲ್ಲುತ್ತಿತ್ತು. ನೀರೂ ಇಲ್ಲ, ಗಿಡವೂ ಇಲ್ಲ. ಆದರೂ ಇವರು ಹೇಳಿಹೋದ ಹೊತ್ತಿಗೆ ಸರಿಯಾಗಿ. ಆ ಶಬ್ದಕ್ಕಾಗಿ ನಾನು ಏನಾದರೊಂದು ನೆಪ ಮಾಡಿಕೊಂಡು ಆ ಹೊತ್ತಿಗೆ ಆ ಕೋಣೆಗೆ ಹೋಗಿ ಕೂರುತ್ತಿದ್ದೆ. ಇದನ್ನು ನಿಮಗೆ ಬರೆಯಬೇಕಿತ್ತು. ನೀವು ಕೇಳಿದ್ದು ಇಂಥದ್ದನ್ನೇ ಇರಬೇಕು. ಇದೊಂದನ್ನು ನನಗೇ ಇಟ್ಟುಕೊಂಡೆ.

ಬಾಡಿಗೆಯವರು ಆಗಲೇ ಬಂದು ಕೂತಿದ್ದರೂ, ಬಾಕಿ ಕೆಲಸವೆಲ್ಲ ಮುಗಿಸಿ ಜಾಗ ಮಾಲೀಕರಿಗೆ ಒಪ್ಪಿಸುವ ದಿನ ಅದು. ನೀವು ಕಂಡದ್ದು ಎಲೆಕ್ಟ್ರಿಷಿಯನ್. ಹೊಸಬರು, ಇವರನ್ನು ನೋಡಿದವರಲ್ಲ. "ನೀರೇ ಇಲ್ಲ, ಇದ್ಯಾಕೆ ಮೇಡಂ ಇನ್ನೂ ಓಡ್ತಿದೆ? ಯಾರಿಟ್ರು ಇದನ್ನ? ತೆಗೆದುಬಿಡ್ಲಾ?" ಎಂದರು. "ತೆಗೀರಿ" ಎಂದೆ. ನಾನೇ ಎಂದೆ. ಅವರು ತಂತಿ ಬಿಚ್ಚಿದರು.

ಇವರು ಹೋದಾಗ ನಿಮ್ಮೆದುರು ಗಟ್ಟಿಯಾಗಿರಬೇಕು ಎಂದುಕೊಂಡು ನಾನು ಕಣ್ಣು ಒರೆಸಿಕೊಂಡು ಓಡಾಡಿದ್ದೆ. ಅದಕ್ಕೇ ನಾನು ಅಳುವುದು ಹೇಗೆ ಎಂದು ನಿಮಗೆ ಗೊತ್ತಿಲ್ಲ. ಬಾಯಿತುಂಬ, ತಲೆ ಹಿಂದಕ್ಕೆ ಹಾಕಿ, ಭುಜ ಕುಣಿಸಿಕೊಂಡು. ನೀವು ಬರೆದ ಹಾಗೆಯೇ. ಎಲೆಕ್ಟ್ರಿಷಿಯನ್ ಹೆದರಿ, ಮತ್ತೆ ಹಾಕಲಾ ಮೇಡಂ, ಮತ್ತೆ ಹಾಕಲಾ ಎನ್ನುತ್ತಿದ್ದರು.

ಆ ಕೋಣೆಯ ಗೋಡೆಗಳೊಳಗೆ ಹಳೆಯ ಬಟ್ಟೆ ಒತ್ತಿ ತುಂಬಿದ್ದೇವೆ. ಗಾಜು ಎರಡು ಪದರ, ಬಾಗಿಲಿನ ಅಂಚಿಗೆ ದಪ್ಪ ಉಣ್ಣೆಯ ಪಟ್ಟಿ. ಒಳಗೆ ಜಗಳವೇ ಆದರೂ ಹೊರಗೆ ಕೂತು ಕೆಲಸ ಮಾಡುವವರಿಗೆ ಒಂದು ಮಾತೂ ಕೇಳಿಸಬಾರದು ಎಂದು ನಾವಿಬ್ಬರೂ ಸೇರಿ ಮಾಡಿದ್ದು. ನಮ್ಮ ಕೆಲಸಗಳಲ್ಲೆಲ್ಲ ಚೆನ್ನಾಗಿ ಬಂದ ಕೋಣೆ ಅದು. ಗಾಜಿನ ಆಚೆ ನಿಂತಿದ್ದ ನಿಮಗೂ ಕೇಳಿಸಲಿಲ್ಲ.

ಬಾಗಿಲಿಗೆ ಬೀಗವಿರಲಿಲ್ಲ ಅತ್ತೆ. ತಳ್ಳಿದ್ದರೆ ಸಾಕಿತ್ತು.